ಮೊದಲು ಪಲ್ಯ, ಆಮೇಲೆ ಹಿಟ್ಟು: ಊಟದ ಕ್ರಮ ಮತ್ತು ಶುಗರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ತವರು ಮೂಡಿಗೆರೆ ಕಡೆ, ಗಂಡನ ಮನೆ ಚನ್ನರಾಯಪಟ್ಟಣದ ಕಡೆ, ನಾವಿರುವುದು ಹಾಸನದಲ್ಲಿ. ಹಾಗಾಗಿ ನಮ್ಮ ಅಡುಗೆಮನೆಯಲ್ಲಿ ಒಂದು ದಿನ ಅಕ್ಕಿ ರೊಟ್ಟಿ, ಕಡುಬು. ಇನ್ನೊಂದು ದಿನ ಹಿಟ್ಟು, ಬಸ್ಸಾರು. (ನಮ್ಮ ಅತ್ತೆ ಮುದ್ದೆಗೆ ಹಿಟ್ಟು ಅಂತಲೇ ಹೇಳುವುದು.) ಅತ್ತೆಗೆ ಶುಗರ್ ಬಂದು ಹದಿನಾಲ್ಕು ವರ್ಷವಾಯಿತು. ಎರಡು ವರ್ಷದ ಹಿಂದೆ ನನ್ನ ಮೂರು ತಿಂಗಳ ಶುಗರ್ ಸರಾಸರಿಯೂ (ಎಚ್‌ಬಿಎ1ಸಿ) 6.1 ಬಂದಾಗ ನಾನು ಈ ವಿಷಯವನ್ನು ಗಂಭೀರವಾಗಿ ಓದಲು, ಮನೆಯಲ್ಲೇ ಅಳೆದು ನೋಡಲು ಶುರುಮಾಡಿದೆ.

2025ರ ಜೂನ್, ಜುಲೈನಲ್ಲಿ ಹಾಸನದ ಹೃದಯಾಘಾತದ ಸುದ್ದಿಗಳು ದಿನಾ ಬರುತ್ತಿದ್ದಾಗ ಜಿಲ್ಲೆಯ ಜನ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನಿಂದಲೇ ಸಾಲು ನಿಂತಿದ್ದರು. ಆಗಿನಿಂದ ಮಹಾರಾಜ ಪಾರ್ಕಿನಲ್ಲಿ ವಾಕಿಂಗ್‌ಗೆ ಸಿಗುವವರು, ನೆಂಟರು ಕೇಳುವ ಪ್ರಶ್ನೆಗಳು ಹೆಚ್ಚಾದವು. ಮತ್ತೆ ಮತ್ತೆ ಕೇಳಿದವನ್ನು ಇಲ್ಲಿ ಬರೆದಿಟ್ಟಿದ್ದೇನೆ. ನಾನು ಡಾಕ್ಟರಲ್ಲ. ಮಾತ್ರೆ, ಇನ್ಸುಲಿನ್ ವಿಷಯ ಬಂದ ಕಡೆ ನಿಮ್ಮ ಡಾಕ್ಟರ ಮಾತೇ ಕೊನೆ.

ಊಟದ ಕ್ರಮ ಅಂದರೆ ಏನು? ಹೊಸ ಡಯಟ್ಟಾ?

ಡಯಟ್ ಅಲ್ಲ. ತಟ್ಟೆಯಲ್ಲಿ ಈಗ ಏನಿದೆಯೋ ಅದನ್ನೇ ತಿನ್ನುವುದು, ತಿನ್ನುವ ಸರದಿ ಮಾತ್ರ ಬದಲು. ಮೊದಲು ಸೊಪ್ಪು, ತರಕಾರಿ. ಜೊತೆಗೋ ಅದರ ಹಿಂದೆಯೋ ಕಾಳು, ಬೇಳೆ, ಮೊಟ್ಟೆ, ಮೀನು, ಕೋಳಿ. ಅನ್ನ, ಹಿಟ್ಟು, ರೊಟ್ಟಿ, ಇಡ್ಲಿ ಇವೆಲ್ಲ ಕೊನೆಗೆ.

ಇದಕ್ಕೆ ಆಧಾರ ಇದೆಯಾ, ಇಲ್ಲ ವಾಟ್ಸಾಪ್‌ನಲ್ಲಿ ಬಂದ ಮಾತಾ?

ಆಧಾರ ಇದೆ. ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನವರು 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಟೈಪ್ 2 ಶುಗರ್ ಇದ್ದು ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದ 11 ಜನರಿಗೆ ಬೇರೆ ಬೇರೆ ದಿನ ಒಂದೇ ಊಟ ಕೊಟ್ಟರು: ಬ್ರೆಡ್ಡು, ಕಿತ್ತಳೆ ಜ್ಯೂಸು, ಕೋಳಿ ಮಾಂಸ, ತರಕಾರಿ. ಒಂದು ದಿನ ಬ್ರೆಡ್ಡು, ಜ್ಯೂಸು ಮೊದಲು, 15 ನಿಮಿಷ ಬಿಟ್ಟು ಉಳಿದದ್ದು. ಇನ್ನೊಂದು ದಿನ ತರಕಾರಿ, ಕೋಳಿ ಮೊದಲು, 15 ನಿಮಿಷ ಬಿಟ್ಟು ಬ್ರೆಡ್ಡು, ಜ್ಯೂಸು. ತರಕಾರಿ ಮೊದಲು ತಿಂದ ದಿನ ಊಟ ಶುರುವಾಗಿ ಅರ್ಧ ಗಂಟೆಗೆ ರಕ್ತದ ಸಕ್ಕರೆ ಸುಮಾರು 29 ಶೇಕಡಾ ಕಡಿಮೆ ಇತ್ತು, ಒಂದು ಗಂಟೆಗೆ ಸುಮಾರು 37 ಶೇಕಡಾ, ಎರಡು ಗಂಟೆಗೆ ಸುಮಾರು 17 ಶೇಕಡಾ ಕಡಿಮೆ. ಇನ್ಸುಲಿನ್ ಕೂಡ ಕಡಿಮೆಯೇ ಬೇಕಾಯಿತು. ನನಗೆ ಇದರಲ್ಲಿ ಮುಖ್ಯ ಅನ್ನಿಸಿದ್ದು ಈ ಕೊನೆಯ ಮಾತು. ಮೇದೋಜೀರಕ ಗ್ರಂಥಿ ಹೆಚ್ಚು ಗೇಯ್ದು ಸಕ್ಕರೆ ಇಳಿಸಿದ್ದಲ್ಲ, ಅದಕ್ಕೆ ಕೆಲಸವೇ ಹಗುರವಾಗಿತ್ತು.

ನಮಗೆ ಹತ್ತಿರವಾದದ್ದು ಜಪಾನಿನವರ ಕೆಲಸ, ಅವರೂ ಅನ್ನ ಉಣ್ಣುವವರು. ಅನ್ನಕ್ಕೆ 15 ನಿಮಿಷ ಮೊದಲು ಮೀನು ಅಥವಾ ಮಾಂಸ ತಿನ್ನಿಸಿ ನೋಡಿದ ಅಲ್ಲಿನ ಅಧ್ಯಯನ 2016ರಲ್ಲಿ ಬಂತು. ಹೊಟ್ಟೆ ಖಾಲಿಯಾಗುವುದು ನಿಧಾನವಾಗಿ, ಸಕ್ಕರೆ ಏರುವುದೂ ತಗ್ಗಿತ್ತು. ಅನ್ನಕ್ಕೆ ಮೊದಲು ತರಕಾರಿ ತಿನ್ನುವ ಅಭ್ಯಾಸವನ್ನು ಅಲ್ಲಿನ ಕೆಲವು ಆಸ್ಪತ್ರೆಗಳು ರೋಗಿಗಳಿಗೆ ವರ್ಷಗಟ್ಟಲೆ ಹೇಳಿಕೊಟ್ಟಿವೆ.

ಇವೆಲ್ಲ ಕೆಲವೇ ಜನರ ಮೇಲೆ ನಡೆದ ಸಣ್ಣ ಅಧ್ಯಯನಗಳು ಅನ್ನುವುದು ನೆನಪಿರಲಿ. ಊಟದ ನಂತರದ ಏರಿಕೆ ತಗ್ಗುತ್ತದೆ ಅನ್ನುವುದಕ್ಕೆ ಬಲವಾದ ಆಧಾರವಿದೆ. ಆದರೆ "ಇದರಿಂದ ಶುಗರ್ ವಾಸಿಯಾಗುತ್ತೆ" ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಹೊಟ್ಟೆಗೆ ಹೋದ ಮೇಲೆ ಎಲ್ಲಾ ಕಲಸಿಹೋಗುತ್ತಲ್ಲ, ಮೊದಲು ತಿಂದರೇನು, ಆಮೇಲೆ ತಿಂದರೇನು?

ಎಲ್ಲರೂ ಕೇಳುವ ಪ್ರಶ್ನೆ ಇದು, ನ್ಯಾಯವಾದ ಪ್ರಶ್ನೆ. ಕಲಸಿಹೋಗುವುದು ನಿಜ. ಆದರೆ ಅನ್ನದ ಸಕ್ಕರೆ ರಕ್ತಕ್ಕೆ ಸೇರುವುದು ಜಠರದಲ್ಲಲ್ಲ, ಅದರ ಮುಂದಿನ ಸಣ್ಣ ಕರುಳಿನಲ್ಲಿ. ಜಠರದಿಂದ ಕರುಳಿಗೆ ಹೋಗುವ ದಾರಿಯಲ್ಲಿ ಒಂದು ಬಾಗಿಲಿದೆ, ಗದ್ದೆಗೆ ನೀರು ಬಿಡುವ ತೂಬಿನ ಹಾಗೆ. ಬರೀ ಹೊಟ್ಟೆಗೆ ಅನ್ನ ಬಿದ್ದರೆ ತೂಬು ಬೇಗ ಬೇಗ ತೆರೆಯುತ್ತದೆ, ಕರುಳಿಗೆ ಸಕ್ಕರೆ ಒಟ್ಟಿಗೇ ನುಗ್ಗುತ್ತದೆ. ಕಾಳು, ಮೊಟ್ಟೆ, ಕೊಬ್ಬಿನಂಶ ಇರುವ ಪದಾರ್ಥ ಮೊದಲು ಹೋಗಿದ್ದರೆ ಕರುಳಿನಿಂದ ಜಠರಕ್ಕೆ "ನಿಧಾನ" ಅನ್ನುವ ಸೂಚನೆ ಹೋಗಿ ತೂಬು ಸ್ವಲ್ಪ ಸ್ವಲ್ಪವೇ ಬಿಡುತ್ತದೆ.

ಆ ಸೂಚನೆ ಒಯ್ಯುವ ಹಾರ್ಮೋನುಗಳಲ್ಲಿ ಒಂದರ ಹೆಸರು ಜಿಎಲ್‌ಪಿ-1. ಅದು ಹೊಟ್ಟೆ ತುಂಬಿದ ಭಾವನೆಯನ್ನೂ ಕೊಡುತ್ತದೆ, ಇನ್ಸುಲಿನ್ ಹೊತ್ತಿಗೆ ಸರಿಯಾಗಿ ಬರುವಂತೆಯೂ ನೋಡಿಕೊಳ್ಳುತ್ತದೆ. ಈಗ ತೂಕ ಇಳಿಸಲು, ಶುಗರಿಗೆ ಕೊಡುವ ವಾರಕ್ಕೊಂದು ಇಂಜೆಕ್ಷನ್ನುಗಳು ಇದೇ ಹಾರ್ಮೋನಿನ ಕೆಲಸವನ್ನು ಹಲವು ಪಟ್ಟು ಜೋರಾಗಿ ಮಾಡುವಂಥವು. ಪಲ್ಯದಿಂದ ಅಷ್ಟು ಆಗುವುದಿಲ್ಲ, ಅದರ ಒಂದು ಚೂರು ಆಗುತ್ತದೆ. ಇನ್ನು ಸೊಪ್ಪು, ತರಕಾರಿಯ ನಾರು ನೀರು ಹೀರಿ ಲೋಳೆಯಂತಾಗಿ ಸಕ್ಕರೆ ಹೀರಿಕೊಳ್ಳುವುದನ್ನು ತಡ ಮಾಡುತ್ತದೆ. ಬೆಂಡೆಕಾಯಿ ಹೆಚ್ಚಿದಾಗ ಕತ್ತಿಗೆ ಅಂಟುವ ಲೋಳೆ ನೋಡಿದ್ದೀರಲ್ಲ, ಅದೂ ಅಂಥ ನಾರೇ.

ಹಿಟ್ಟನ್ನು ಸಾರಿನಲ್ಲಿ ಅದ್ದಿಯೇ ನುಂಗಬೇಕು. ಬೇರೆ ಬೇರೆ ತಿನ್ನುವುದು ಹೇಗೆ?

ಹಿಟ್ಟು ಮತ್ತು ಸಾರನ್ನು ಬೇರೆ ಮಾಡಲು ಆಗುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ಹಿಟ್ಟು ಮುರಿಯುವುದಕ್ಕೆ ಮೊದಲು ಏನು ತಿನ್ನುತ್ತೇವೆ ಅನ್ನುವುದೇ ಪ್ರಶ್ನೆ.

ಬಸ್ಸಾರು ಇದಕ್ಕೆ ಹೇಳಿ ಮಾಡಿಸಿದ ಅಡುಗೆ. ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟು ಸಾರಿಗೆ ಹೋಗುತ್ತದೆ, ಬಸಿದು ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟು ಕಾಯಿತುರಿ ಹಾಕಿದರೆ ಪಲ್ಯ. ನಾರು, ಪ್ರೋಟೀನು ಎರಡೂ ಆ ಪಲ್ಯದಲ್ಲೇ ಇದೆ. ಆದರೆ ನಮ್ಮಲ್ಲಿ ಅದನ್ನು ತಟ್ಟೆಯ ಅಂಚಿಗೆ ಒಂದು ಚಮಚ ಹಾಕಿ, ಹಿಟ್ಟು ಮುಗಿದ ಮೇಲೆ ಅನ್ನದ ಜೊತೆ ನೆಂಚಿಕೊಳ್ಳುವುದು ರೂಢಿ.

ನಾನು ಮೊದಲು ಅತ್ತೆಗೆ ಪಲ್ಯ ಮೊದಲು ತಿನ್ನಿ ಅಂದಾಗ ಅವರು ಒಪ್ಪಲಿಲ್ಲ. "ಅಷ್ಟೊತ್ತಿಗೆ ಹಿಟ್ಟು ಆರೋಗ್ತದೆ ಕಣವ್ವ, ಆರಿದ ಹಿಟ್ಟು ಗಂಟಲಲ್ಲಿ ಇಳಿಯಲ್ಲ" ಅಂದರು. ಅವರು ಹೇಳಿದ್ದು ಸರಿಯೇ. ಆರಿದ ಮುದ್ದೆ ಯಾರಿಗೂ ಬೇಡ. ಹಾಗಾಗಿ ನಾನು ಅಡುಗೆಯ ಹೊತ್ತನ್ನೇ ಬದಲಿಸಿದೆ. ಎಸರು ಕುದಿಯುವಾಗಲೇ ಅವರನ್ನು ಊಟಕ್ಕೆ ಕೂರಿಸಿ ಒಂದು ಬಟ್ಟಲು ತುಂಬ ಹುರುಳಿಕಾಳು ಸೊಪ್ಪಿನ ಪಲ್ಯ, ಅರ್ಧ ಸೌತೆಕಾಯಿ ಕೊಡುತ್ತೇನೆ. ಅವರು ಅದನ್ನು ತಿನ್ನುತ್ತಿರುವಾಗ ನಾನು ರಾಗಿ ಹಿಟ್ಟು ಹಾಕಿ, ಕೋಲಿನಿಂದ ತೊಳಸಿ, ಉಂಡೆ ಕಟ್ಟುತ್ತೇನೆ. ಬಟ್ಟಲು ಖಾಲಿಯಾಗುವ ಹೊತ್ತಿಗೆ ಹೊಗೆಯಾಡುವ ಹಿಟ್ಟು ತಟ್ಟೆಗೆ ಬಂದಿರುತ್ತದೆ. ಹತ್ತು ನಿಮಿಷದ ಅಂತರ ತಾನಾಗಿಯೇ ಸಿಕ್ಕಿತು. ಇನ್ನೊಂದನ್ನು ನಾನು ಎಣಿಸಿರಲಿಲ್ಲ. ಒಂದು ತಿಂಗಳಾಗುವಷ್ಟರಲ್ಲಿ "ಸಣ್ಣ ಉಂಡೆ ಕಟ್ಟು ಸಾಕು" ಅಂತ ಅವರೇ ಹೇಳಿದರು.

ಉಪ್ಸಾರು, ಮಸ್ಸೊಪ್ಪು ಮಾಡಿದ ದಿನ ಸೊಪ್ಪೆಲ್ಲ ಸಾರಿನಲ್ಲೇ ಹೋಗುತ್ತದೆ. ಆಗ ಬೇರೆ ಒಂದು ತರಕಾರಿ ಪಲ್ಯವೋ ಹೆಸರುಬೇಳೆ ಕೋಸಂಬರಿಯೋ ಬೇಕು. ಅವರೆಕಾಯಿ ಕಾಲದಲ್ಲಿ ಈ ಚಿಂತೆಯೇ ಇಲ್ಲ. ಹಿದುಕಿದ ಬೇಳೆ ಸಾರಿನಿಂದ ಬೇಳೆಯನ್ನು ಸೌಟಿನಲ್ಲಿ ಬಗ್ಗಿಸಿ ಒಂದು ಬಟ್ಟಲು ಮೊದಲು ತಿಂದರೆ ಸಾಕು.

ರಾಗಿ ತಿಂದರೆ ಶುಗರ್ ಏರಲ್ಲ ಅಂತಾರೆ. ಮತ್ತೆ ಇದೆಲ್ಲ ಯಾಕೆ?

ಏರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಕಾರ್ಬೋಹೈಡ್ರೇಟ್ ಸುಮಾರು 67 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ ಸುಮಾರು 78. ನಾರು ರಾಗಿಯಲ್ಲಿ ಸುಮಾರು 11 ಗ್ರಾಂ, ಅಕ್ಕಿಯಲ್ಲಿ 3ರ ಒಳಗೆ. ರಾಗಿ ಅಕ್ಕಿಗಿಂತ ಒಳ್ಳೆಯದು, ಅನುಮಾನವಿಲ್ಲ, ಸುಣ್ಣದಂಶವಂತೂ ಬಹಳ. ಆದರೆ ನುಣ್ಣಗೆ ಬೀಸಿ, ಬೇಯಿಸಿ, ಅಗಿಯದೆ ನುಂಗುವ ದೊಡ್ಡ ಮುದ್ದೆ ಎರಡಾದರೆ ಮೀಟರು ಅದನ್ನು ತೋರಿಸಿಯೇ ತೋರಿಸುತ್ತದೆ. ಹೊಲದಲ್ಲಿ ದಿನವಿಡೀ ಗೇಯುವವರ ಮುದ್ದೆಯ ಗಾತ್ರವನ್ನು ಕುರ್ಚಿ ಮೇಲೆ ಕೂತು ಕೆಲಸ ಮಾಡುವ ನಾವು ಹಾಗೇ ಉಳಿಸಿಕೊಂಡಿದ್ದೇವೆ. ರಾಗಿ ಗಂಜಿ, ಮಾಲ್ಟ್ ಇನ್ನೂ ಬೇಗ ಏರಿಸುತ್ತವೆ, ಕುಡಿಯುವುದಕ್ಕೆ ಹೊತ್ತೇ ಬೇಡವಲ್ಲ.

ಮಲೆನಾಡಿನ ತಿಂಡಿ ಎಲ್ಲಾ ಅಕ್ಕಿಯದೇ. ಅಕ್ಕಿ ರೊಟ್ಟಿ, ಕಡುಬು ತಿನ್ನುವವರು ಏನು ಮಾಡಬೇಕು?

ತವರಿನಲ್ಲಿ ಬೆಳಗ್ಗೆ ಅಕ್ಕಿ ರೊಟ್ಟಿ, ಕಾಯಿ ಚಟ್ನಿ, ಮೇಲೊಂದು ಲೋಟ ಕಾಫಿ. ನಾನೂ ಅದನ್ನೇ ತಿಂದು ಬೆಳೆದವಳು. ಅದರಲ್ಲಿ ಅಕ್ಕಿ ಬಿಟ್ಟರೆ ಸ್ವಲ್ಪ ತೆಂಗಿನಕಾಯಿ, ಅಷ್ಟೇ. ಕಾಯಿಯ ಕೊಬ್ಬು ತುಸು ತಡೆಯುತ್ತದೆ, ಆದರೆ ಸಾಲದು. ರೊಟ್ಟಿ ಕಾವಲಿ ಮೇಲಿರುವಾಗಲೇ ಒಂದು ಬಟ್ಟಲು ಬದನೆಕಾಯಿ ಇಲ್ಲವೇ ಬೀನ್ಸ್ ಪಲ್ಯ, ಒಂದು ಬೇಯಿಸಿದ ಮೊಟ್ಟೆ ತಿನ್ನಿ. ಮೊಟ್ಟೆ ತಿನ್ನದವರಿಗೆ ಮೊಳಕೆ ಹೆಸರುಕಾಳಿನ ಉಸಲಿ ಆದೀತು. ಮಳೆಗಾಲದಲ್ಲಿ ಕಳಲೆ (ಎಳೆ ಬಿದಿರು), ಅಣಬೆ ಸಿಗುತ್ತವೆ; ಎರಡರಲ್ಲೂ ಪಿಷ್ಟ ತೀರ ಕಡಿಮೆ, ಪಲ್ಯ ಮೊದಲು ತಿನ್ನಲು ಬಹಳ ಒಳ್ಳೆಯದು. ಕಳಲೆಯನ್ನು ಮಾತ್ರ ಅಮ್ಮಂದಿರು ಮಾಡುವ ಹಾಗೆ ಹೆಚ್ಚಿ, ದಿನಾ ನೀರು ಬದಲಿಸಿ, ಮೂರು ದಿನ ನೆನೆಸಿಯೇ ಬೇಯಿಸಬೇಕು.

ಕಡುಬು, ಕೋಳಿ ಸಾರಿನ ದಿನ ಮೊದಲು ನಾಲ್ಕು ತುಂಡು ಕೋಳಿ, ಆಮೇಲೆ ಕಡುಬು ಮುರಿಯಿರಿ. ಎಷ್ಟು ಕಡುಬು ಅನ್ನುವ ಲೆಕ್ಕ ಕೂರುವ ಮೊದಲೇ ಮನಸ್ಸಿನಲ್ಲಿರಲಿ, ಬಡಿಸುವವರು ಕೇಳುವುದಿಲ್ಲ.

ಆಲೂಗಡ್ಡೆ ಪಲ್ಯ ಮೊದಲು ತಿಂದರೆ ಆಗುತ್ತಾ? ಅದೂ ತರಕಾರಿಯಲ್ಲವಾ?

ಹಾಸನ ಆಲೂಗಡ್ಡೆಗೆ ಹೆಸರಾದ ಜಿಲ್ಲೆ, ನಮ್ಮ ಮನೆಗಳಲ್ಲಿ ಅದು ದಿನದ ತರಕಾರಿ. ಆದರೆ ಶುಗರಿನ ಲೆಕ್ಕದಲ್ಲಿ ಆಲೂಗಡ್ಡೆ ಅನ್ನದ ಸಾಲಿನಲ್ಲಿ ನಿಲ್ಲುತ್ತದೆ, ಬೀನ್ಸಿನ ಸಾಲಿನಲ್ಲಲ್ಲ. ಗೆಣಸು, ಕೆಸುವಿನ ಗೆಡ್ಡೆ, ಸುವರ್ಣಗೆಡ್ಡೆ ಕೂಡ ಹಾಗೆಯೇ. ಚಪಾತಿಗೆ ಆಲೂಗಡ್ಡೆ ಪಲ್ಯ ಅಂದರೆ ಪಿಷ್ಟಕ್ಕೆ ಪಿಷ್ಟವನ್ನೇ ನೆಂಚಿಕೊಂಡ ಹಾಗೆ.

ಉಪ್ಪಿನಕಾಯಿಯೂ ತರಕಾರಿಯಲ್ಲ. ಹಪ್ಪಳ ಕೇಳಲೇಬೇಡಿ.

ಎಷ್ಟು ಹೊತ್ತು ಬಿಟ್ಟು ಅನ್ನ ಉಣ್ಣಬೇಕು?

ಅಧ್ಯಯನಗಳಲ್ಲಿ ಹೆಚ್ಚಾಗಿ 10ರಿಂದ 15 ನಿಮಿಷ ಬಿಟ್ಟಿದ್ದಾರೆ. ಮನೆಯಲ್ಲಿ ಗಡಿಯಾರ ನೋಡುತ್ತಾ ಕೂರಬೇಕಿಲ್ಲ. ಪಲ್ಯವನ್ನು ನಿಧಾನವಾಗಿ ಅಗಿದು ತಿಂದರೆ ಐದಾರು ನಿಮಿಷ ಹೇಗೂ ಆಗುತ್ತದೆ. ಎರಡು ತುತ್ತು ಪಲ್ಯ ತಿಂದು ಮೂರನೆಯದಕ್ಕೆ ಅನ್ನ ಕಲಸಿದರೆ ಮಾತ್ರ ಏನೂ ಪ್ರಯೋಜನ ಸಿಗಲಿಕ್ಕಿಲ್ಲ. ಒಂದು ಬಟ್ಟಲಾದರೂ ಇರಬೇಕು.

ಚಿತ್ರಾನ್ನ, ಬಿಸಿಬೇಳೆಬಾತ್, ಉಪ್ಪಿಟ್ಟು? ಇವೆಲ್ಲ ಕಲಸಿಯೇ ಇರುತ್ತವಲ್ಲ.

ಅದರೊಳಗಿಂದ ಕ್ಯಾರೆಟ್ಟು ಆರಿಸಿ ತಿನ್ನುವ ಕಷ್ಟ ಬೇಡ. ಅದಕ್ಕೆ ಮೊದಲು ಕೋಸಂಬರಿಯೋ ಉಸಲಿಯೋ ಮೊಟ್ಟೆಯೋ ತಿನ್ನಿ, ಬಾತ್ ಅರ್ಧ ತಟ್ಟೆಗೆ ಇಳಿಸಿ. ಹೋಟೆಲಿನಲ್ಲಿ ಇಡ್ಲಿ ವಡೆ ತಿನ್ನುವಾಗ ವಡೆ ಮೊದಲು ತಿಂದರೆ ಆಯಿತಲ್ಲ ಅಂತ ಒಬ್ಬರು ಕೇಳಿದ್ದರು. ಉದ್ದಿನಬೇಳೆ ನಿಜ, ಕರಿದ ಎಣ್ಣೆಯೂ ನಿಜ. ದಿನಾ ಮಾಡುವ ಉಪಾಯವಲ್ಲ.

ಮದುವೆ ಮನೆಯಲ್ಲಿ, ಬೀಗರೂಟದಲ್ಲಿ?

ಬಾಳೆ ಎಲೆ ಊಟದಲ್ಲಿ ಅರ್ಧ ಕೆಲಸವನ್ನು ಬಡಿಸುವವರೇ ಮಾಡಿರುತ್ತಾರೆ. ಎಲೆಗೆ ಉಪ್ಪು, ಕೋಸಂಬರಿ, ಪಲ್ಯಗಳು ಮೊದಲು ಬೀಳುತ್ತವೆ, ಅನ್ನ ಬರುವುದು ತಡ. ಹಿರಿಯರು ಶುಗರ್ ನೋಡಿ ಈ ಕ್ರಮ ಇಟ್ಟರು ಅಂತ ನಾನು ಹೇಳುವುದಿಲ್ಲ, ಅವರ ಕಾರಣಗಳು ಬೇರೆ. ಆದರೆ ನಮಗೆ ಅನುಕೂಲವಾಗಿಯೇ ಇದೆ. ಅನ್ನಕ್ಕೆ ಕಾಯುತ್ತಾ ಸುಮ್ಮನೆ ಕೂರುವ ಹೊತ್ತಿನಲ್ಲಿ ಕೋಸಂಬರಿ, ಪಲ್ಯ ಮುಗಿಸಿ; ಇನ್ನೊಂದು ಸಲ ಹಾಕಿಸಿಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ. ಮೊದಲಿಗೆ ಬಡಿಸುವ ಪಾಯಸವನ್ನು ಶಾಸ್ತ್ರಕ್ಕೆ ಬೆರಳಲ್ಲಿ ಮುಟ್ಟಿ ನಾಲಿಗೆಗೆ ಇಟ್ಟರೆ ಸಾಕು. ಹೋಳಿಗೆ ತಿನ್ನಲೇಬೇಕಿದ್ದರೆ ಊಟದ ಕೊನೆಗೆ ಅರ್ಧ, ಆ ಅರ್ಧಕ್ಕೆ ಅನ್ನ ಕಡಿಮೆ.

ಬೀಗರೂಟದಲ್ಲಿ ಮುದ್ದೆ ಮೊದಲೇ ಎಲೆಗೆ ಬಂದು ಕೂತಿರುತ್ತದೆ. ಅದನ್ನು ಹಾಗೇ ಬಿಟ್ಟು ಮಟನ್ ತುಂಡು, ಈರುಳ್ಳಿ, ಸೌತೆಕಾಯಿಯಿಂದ ಶುರುಮಾಡಿ.

ಕಾಫಿ ಬಿಡಬೇಕಾ?

ಚಿಕ್ಕಮಗಳೂರು ಸೀಮೆಯವರಿಗೆ ಕಾಫಿ ಬಿಡಿ ಅನ್ನುವ ಮನಸ್ಸು ನನಗಿಲ್ಲ. ಬಿಡಬೇಕಾದದ್ದು ಬರೀ ಹೊಟ್ಟೆಗೆ ಬೀಳುವ ಎರಡು ಚಮಚ ಸಕ್ಕರೆ, ಅದು ಸುಮಾರು 10 ಗ್ರಾಂ. ಬೆಲ್ಲದ ಕಾಫಿಯಾದರೂ ರಕ್ತದ ಮಟ್ಟಿಗೆ ಅಷ್ಟೇ, ಬೆಲ್ಲವೂ ಬಹುಪಾಲು ಸಕ್ಕರೆಯೇ. ಕೆಲವರಿಗೆ ಕೆಫೀನಿನಿಂದಲೂ ಶುಗರ್ ತುಸು ಏರುತ್ತದೆ. ಸಕ್ಕರೆ ಇಲ್ಲದ ಕಾಫಿಯನ್ನು ತಿಂಡಿಯಾದ ಮೇಲೆ ಕುಡಿದು ನೋಡಿ. ನನಗೆ ಮೊದಲ ಹದಿನೈದು ದಿನ ಕಹಿಯಾಗಿತ್ತು, ಈಗ ಸಕ್ಕರೆ ಹಾಕಿದ್ದು ಕುಡಿಯಲು ಆಗುವುದಿಲ್ಲ.

ಹಣ್ಣು ಊಟಕ್ಕೆ ಮೊದಲೋ ಆಮೇಲೋ?

ಬರೀ ಹೊಟ್ಟೆಗೆ ಬಾಳೆಹಣ್ಣು ಬೇಡ. ಊಟದ ಕೊನೆಗೆ ಸ್ವಲ್ಪ, ಅಥವಾ ಸಂಜೆ ಒಂದು ಹಿಡಿ ಕಡಲೆಬೀಜದ ಜೊತೆ. ಸೀಬೆ ಎಲ್ಲಕ್ಕಿಂತ ಒಳ್ಳೆಯದು. ಜ್ಯೂಸ್ ಮಾಡಬೇಡಿ.

ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಹೀಗೆ ಮಾಡಬಹುದಾ?

ದಯವಿಟ್ಟು ಇದನ್ನು ಪೂರ್ತಿ ಓದಿ.

ಅತ್ತೆ ಊಟಕ್ಕೆ ಮುಂಚೆ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಹೊಟ್ಟೆಗೆ ಅನ್ನ ಬಿತ್ತೋ ಇಲ್ಲವೋ ನೋಡದೆ ಇನ್ಸುಲಿನ್ ಹೊರಡಿಸುವ ಮಾತ್ರೆ ಅದು. ಒಂದು ರಾತ್ರಿ ಮಾತ್ರೆ ನುಂಗಿ, ಎರಡು ಬಟ್ಟಲು ಪಲ್ಯ ತಿಂದು, "ಹೊಟ್ಟೆ ತುಂಬಿತು, ಹಿಟ್ಟು ಬೇಡ" ಅಂತ ಎದ್ದರು. ನಾನು ಖುಷಿಪಟ್ಟೆ, ಅದೇ ನನ್ನ ತಪ್ಪು. ಎರಡು ಗಂಟೆ ಕಳೆಯುವುದರೊಳಗೆ ಅವರ ಸೀರೆಯ ಬೆನ್ನು ಬೆವರಿನಲ್ಲಿ ನೆಂದಿತ್ತು, ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ಮೀಟರು 60ರ ಆಸುಪಾಸು ತೋರಿಸಿತು. ಮೂರು ಟೀ ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿಗೆ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಆಮೇಲೆ ಸ್ವಲ್ಪ ಮೊಸರನ್ನ ತಿನ್ನಿಸಿದೆ. ಮರುದಿನ ಡಾಕ್ಟರ ಹತ್ತಿರ ಹೋಗಿ ನಡೆದದ್ದನ್ನೆಲ್ಲ ಹೇಳಿದ ಮೇಲೆ ಅವರು ಮಾತ್ರೆಯ ಪ್ರಮಾಣ ಇಳಿಸಿದರು.

ಆದ್ದರಿಂದ ಇಂಥ ಮಾತ್ರೆಯೋ ಊಟದ ಮುಂಚಿನ ಇನ್ಸುಲಿನ್ನೋ ಇದ್ದವರು ಕ್ರಮ ಬದಲಿಸುವ ಮೊದಲು ಡಾಕ್ಟರಿಗೆ ಹೇಳಿ. ಮಾತ್ರೆ ನುಂಗಿ ಅನ್ನವನ್ನು ಬಿಡಬೇಡಿ, ಬಹಳ ಹೊತ್ತು ಮುಂದೂಡಲೂಬೇಡಿ. ಶುಗರ್ 70ಕ್ಕಿಂತ ಕೆಳಗೆ ಬಂದಾಗ ಈ ಕ್ರಮವೆಲ್ಲ ತಲೆಕೆಳಗು: ಮೊದಲು ಸಕ್ಕರೆ, ತಕ್ಷಣ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ಇನ್ನು ಯಾರು ಕೇಳದೆ ಮಾಡಬಾರದು?

ಕಿಡ್ನಿ ತೊಂದರೆಯಿಂದ ಪ್ರೋಟೀನು, ಸೊಪ್ಪಿಗೆ ಮಿತಿ ಹೇಳಿಸಿಕೊಂಡವರು. ಶುಗರಿನಿಂದಲೇ ಜಠರ ಮಂದವಾಗಿ, ತಿಂದದ್ದು ಮೇಲೆ ಬರುವವರು. ಗರ್ಭಿಣಿಯರು ಕೂಡ ತಮ್ಮ ಡಾಕ್ಟರನ್ನು ಕೇಳಿಯೇ ಮಾಡಲಿ, ಅವರಿಗೆ ಹೇಳುವ ಶುಗರ್ ಮಟ್ಟವೇ ಬೇರೆ.

ಹೀಗೆ ತಿಂದರೆ ಅನ್ನ ಎಷ್ಟು ಬೇಕಾದರೂ ಉಣ್ಣಬಹುದಲ್ಲ?

ಇಲ್ಲ. ಕ್ರಮವು ಏರುವ ವೇಗವನ್ನು ತಗ್ಗಿಸುತ್ತದೆ, ಅನ್ನವನ್ನು ಮಾಯ ಮಾಡುವುದಿಲ್ಲ. ಪಲ್ಯವನ್ನು ಸೇರಿಸಿ, ಅನ್ನವನ್ನೂ ಮೊದಲಿನಷ್ಟೇ ಉಂಡರೆ ತೂಕ ಏರುತ್ತದೆ.

ನಮಗೆ ಇದು ಕೆಲಸ ಮಾಡುತ್ತಿದೆ ಅಂತ ಗೊತ್ತಾಗುವುದು ಹೇಗೆ?

ಒಂದೇ ಬಗೆಯ ಊಟವನ್ನು ಎರಡು ದಿನ ಮಾಡಿ. ಅದೇ ಹಿಟ್ಟು, ಅದೇ ಅಳತೆ, ಅದೇ ಸಾರು. ಒಂದು ದಿನ ಮಾಮೂಲಿನಂತೆ, ಇನ್ನೊಂದು ದಿನ ಪಲ್ಯ ಮೊದಲು. ಮೊದಲ ತುತ್ತಿನಿಂದ ಲೆಕ್ಕ ಹಿಡಿದು ಒಂದು ಗಂಟೆಗೆ, ಎರಡು ಗಂಟೆಗೆ ಚುಚ್ಚಿ ನೋಡಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಚುಚ್ಚುವ ಮೊದಲು ಕೈ ತೊಳೆದು ಒರೆಸಿಕೊಳ್ಳಿ. ಬೆರಳಿಗೆ ಬೆಲ್ಲ ಅಂಟಿದ್ದರೆ ಮೀಟರು ಅದನ್ನೂ ಲೆಕ್ಕ ಹಾಕುತ್ತದೆ. ಶುಗರ್ ಇರುವ ಹೆಚ್ಚಿನವರಿಗೆ ಊಟದ ನಂತರ 180 ದಾಟದಿರಲಿ ಅನ್ನುವುದು ಸಾಮಾನ್ಯ ಗುರಿ. ಅತ್ತೆಗೆ ಒಂದು ಗಂಟೆಯ ಹೊತ್ತಿಗೆ 200 ದಾಟುತ್ತಿದ್ದದ್ದು ಈಗ ಹೆಚ್ಚಿನ ದಿನ ದಾಟುವುದಿಲ್ಲ. ನಿಮ್ಮದು ಅಷ್ಟೇ ಇಳಿಯಬೇಕೆಂದೇನೂ ಇಲ್ಲ.

ಮೀಟರು ಇಲ್ಲದವರು, ಅದರಲ್ಲೂ ಮೂವತ್ತು ದಾಟಿಯೂ ಒಮ್ಮೆಯೂ ನೋಡಿಸದವರು, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ತಪಾಸಣೆ ಮಾಡಿಸಿಕೊಳ್ಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಶುಗರ್ ಇರುವವರು 10 ಕೋಟಿ, ಶುಗರ್ ಬರುವ ಅಂಚಿನಲ್ಲಿರುವವರು 13 ಕೋಟಿಗೂ ಹೆಚ್ಚು. ನಾನೂ ಆ ಅಂಚಿನವರಲ್ಲಿ ಒಬ್ಬಳು, ರಿಪೋರ್ಟ್ ಕೈಗೆ ಬರುವ ತನಕ ನನಗೆ ಗೊತ್ತೇ ಇರಲಿಲ್ಲ.

ಊಟವಾದ ಮೇಲೆ ನಡೆಯುವುದು?

ನಡೆಯಿರಿ. ಹತ್ತು ಹದಿನೈದು ನಿಮಿಷ, ಮನೆ ಮುಂದಿನ ರಸ್ತೆಯಲ್ಲೇ ಸಾಕು. ಕಾಲಿನ ಸ್ನಾಯುಗಳು ಆ ಹೊತ್ತಿನ ಸಕ್ಕರೆಯನ್ನು ನೇರವಾಗಿ ಬಳಸಿಕೊಳ್ಳುತ್ತವೆ.

ತೋಟದ ಕೆಲಸಕ್ಕೆ ಹೋಗುವವರು, ಬುತ್ತಿ ಒಯ್ಯುವವರು ಏನು ಮಾಡಬೇಕು?

ತವರಿನ ಕಡೆ ತೋಟಕ್ಕೆ ಹೋಗುವವರು ಬುತ್ತಿ ಬಿಚ್ಚುವ ಹೊತ್ತಿಗೆ ಹೊಟ್ಟೆ ಚುರುಗುಟ್ಟುತ್ತಿರುತ್ತದೆ. ಯಾವ ಡಬ್ಬಿ ಮೊದಲು ಕೈಗೆ ಸಿಗುತ್ತದೋ ಅದನ್ನೇ ಮೊದಲು ತಿನ್ನುವುದು. ನನ್ನ ಅಣ್ಣನಿಗೂ ಶುಗರ್ ಇದೆ, ಮಾತ್ರೆ ಇನ್ನೂ ಶುರುವಾಗಿಲ್ಲ. ಅತ್ತಿಗೆ ಈಗ ಮೂರು ಡಬ್ಬಿಯ ಕ್ಯಾರಿಯರ್‌ನಲ್ಲಿ ಅನ್ನವನ್ನು ತಳಕ್ಕೆ, ಸಾರನ್ನು ನಡುವೆ, ಕಾಳು ಪಲ್ಯವನ್ನು ಮೇಲಿನ ಡಬ್ಬಿಗೆ ಹಾಕುತ್ತಾಳೆ. ಮುಚ್ಚಳ ತೆಗೆದ ಕೂಡಲೆ ಕೈಗೆ ಸಿಗುವುದು ಪಲ್ಯ. ಚಮಚವನ್ನೂ ಅದೇ ಡಬ್ಬಿಯಲ್ಲಿ ಇಡುತ್ತಾಳೆ.